ನಾನೇ ಕತ್ತರಿಸಿದ ದಾರ: ಒಂದು ಕಿಲ್ಟ್ ದುರಸ್ತಿಯ ದಿನಚರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನಿರಿಗೆಯ ಉಣ್ಣೆ ಉಡುಪು, ಹಳತಾಗಿ ಕೆಡಲಿಲ್ಲ, ನುಸಿ ತಿಂದೂ ಕೆಡಲಿಲ್ಲ. ನನ್ನ ಕೈಗೆ ಕತ್ತರಿ ಸಿಕ್ಕಿ ಕೆಟ್ಟಿತು.

ಡಿಸೆಂಬರಿನಲ್ಲಿ ಎಡಿನ್‌ಬರೋದ ಲೀತ್ ವಾಕ್‌ನಲ್ಲಿರುವ ಒಂದು ದತ್ತಿ ಅಂಗಡಿಯಲ್ಲಿ 45 ಪೌಂಡ್ ಕೊಟ್ಟು ಅದನ್ನು ಕೊಂಡಿದ್ದೆ. ಕೈಯಲ್ಲಿ ಹೊಲಿದ ಎಂಟು ಗಜದ ಹೊಸ ಕಿಲ್ಟ್ ಈ ಊರಿನಲ್ಲಿ 500 ಪೌಂಡ್‌ಗಿಂತ ಕಡಿಮೆಗೆ ಸಿಗುವುದು ಕಷ್ಟ. ಆದ್ದರಿಂದ ಅಂಗಡಿಯಿಂದ ಹೊರಬೀಳುವಾಗ ಕದ್ದವನ ಹಾಗೆ ಬೇಗಬೇಗ ಹೆಜ್ಜೆ ಹಾಕಿದ್ದೆ. ಅಳತೆಯೂ ಹೆಚ್ಚುಕಡಿಮೆ ನನ್ನದೇ: ಸೊಂಟ 34 ಇಂಚು, ಅದರ ಕೆಳಗೆ ಹೆಚ್ಚು ಅಗಲವಿರುವಲ್ಲಿ 40, ಉದ್ದ 24. ಬಟ್ಟೆ ಬ್ಲ್ಯಾಕ್ ವಾಚ್ ಎಂಬ ಟಾರ್ಟನ್, ಅಂದರೆ ಚೌಕುಳಿಯ ಉಣ್ಣೆ ಬಟ್ಟೆ; ಕಡು ಹಸಿರು, ಕಡು ನೀಲಿ, ಕಪ್ಪು. ಇಲ್ಲಿ ಎಷ್ಟೋ ಚೌಕುಳಿಗಳು ಒಂದೊಂದು ಕುಲದ ಗುರುತು. ಬ್ಲ್ಯಾಕ್ ವಾಚ್ ಒಂದು ಸೇನಾ ತುಕಡಿಯ ಚೌಕುಳಿಯಾದ್ದರಿಂದ ಯಾವ ಕುಲದವರ ಹಂಗೂ ಇಲ್ಲದೆ ಯಾರು ಬೇಕಾದರೂ ಉಡಬಹುದು. ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ಕ್ಷೇಮವಾದ ಆಯ್ಕೆ ಇರಲಿಲ್ಲ. ಒಂದೇ ತೊಂದರೆ: ಕತ್ತಲೆಯ ಬಣ್ಣದ ಬಟ್ಟೆಯ ಮೇಲೆ ಕತ್ತಲೆಯ ಬಣ್ಣದ ದಾರ ಹುಡುಕುವುದು. ಆ ತೊಂದರೆ ಏನೆಂದು ಆಗ ಗೊತ್ತಿರಲಿಲ್ಲ.

ಜನವರಿ 25 ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. ಸ್ಕಾಟ್ಲೆಂಡ್‌ನಲ್ಲಿ ಅಂದು ರಾತ್ರಿ ಊಟ, ಕವಿತೆ, ಕುಣಿತ. ಹಿಂದಿನ ಸಂಜೆ ಕಿಲ್ಟನ್ನು ಹಾಸಿಗೆಯ ಮೇಲೆ ಮಗುಚಿ ಹಾಕಿ, ಒಳಗಿನ ಬಿಳಿ ಹತ್ತಿಯ ಲೈನಿಂಗ್ ಎತ್ತಿ ನೋಡಿದೆ. ನಿರಿಗೆಗಳ ಬೆನ್ನ ಮೇಲೆ ಅಡ್ಡಡ್ಡಲಾಗಿ, ಈ ತುದಿಯಿಂದ ಆ ತುದಿಗೆ, ಉದ್ದುದ್ದನೆಯ ಹೊಲಿಗೆಗಳ ಒಂದು ಸಾಲು ಕಂಡಿತು. ಬೂದು ಬಣ್ಣದ ದಾರ, ಅಲ್ಲಲ್ಲಿ ಜೋಲುಬಿದ್ದು ಕುಣಿಕೆಯಂತೆ ಎದ್ದಿತ್ತು. ಹೊಸ ಕಿಲ್ಟ್ ಕೊಡುವಾಗ ನಿರಿಗೆ ಕದಲದಿರಲೆಂದು ಕಚ್ಚಾ ಹೊಲಿಗೆ ಹಾಕಿರುತ್ತಾರೆ, ಉಡುವ ಮುಂಚೆ ಅದನ್ನು ಬಿಚ್ಚಬೇಕು ಎಂದು ಎಲ್ಲೋ ಓದಿದ್ದೆ. ಓದಿದ್ದು ಸರಿಯೇ. ಆದರೆ ಆ ಕಚ್ಚಾ ಹೊಲಿಗೆ ಇರುವುದು ನಿರಿಗೆಗಳ ಹೊರಮೈಯಲ್ಲಿ, ಕಣ್ಣಿಗೆ ಹೊಡೆಯುವ ಬಿಳಿ ದಾರದಲ್ಲಿ. ಒಳಗಿನ ಬೂದು ದಾರದ ಬಗ್ಗೆ ನಾನು ಓದಿರಲಿಲ್ಲ. ಹಳೆಯ ಮಾಲೀಕ ಬಿಚ್ಚಲು ಮರೆತಿರಬೇಕೆಂದುಕೊಂಡು, ಅವನ ಸೋಮಾರಿತನಕ್ಕೆ ನಕ್ಕು, ಚಕಚಕನೆ ಕತ್ತರಿಸಿ ಎಳೆದು ಬಿಸಾಡಿದೆ. ಎರಡು ನಿಮಿಷದ ಕೆಲಸ. ಅದನ್ನು ಸರಿಪಡಿಸಲು ಎಂಟು ದಿನ ಬೇಕಾಯಿತು.

ಮರುದಿನ ರಾತ್ರಿ ಸ್ಟ್ರಿಪ್ ದಿ ವಿಲೋ ಎಂಬ ಕುಣಿತ. ಎರಡು ಸಾಲುಗಳ ನಡುವೆ ಒಬ್ಬರ ತೋಳು ಬಿಟ್ಟು ಇನ್ನೊಬ್ಬರ ತೋಳು ಹಿಡಿದು ಗಿರಗಿರನೆ ತಿರುಗುತ್ತ ಸಾಗಬೇಕು. ಕಿಲ್ಟ್ ತಯಾರಾದದ್ದೇ ಇಂಥ ತಿರುಗುವಿಕೆಗೆ. ನಿರಿಗೆಗಳು ಕೊಡೆಯಂತೆ ಬಿಚ್ಚಿಕೊಂಡು ಮತ್ತೆ ತಾವಾಗಿಯೇ ಮಡಚಿಕೊಳ್ಳುತ್ತವೆ. ನನ್ನದು ಬಿಚ್ಚಿಕೊಂಡಿತು, ಮಡಚಿಕೊಳ್ಳಲಿಲ್ಲ. ಮನೆಗೆ ಬಂದು ಹ್ಯಾಂಗರಿಗೆ ತೂಗುಹಾಕಿದಾಗ ಹಿಂಬದಿಯ ಅಂಚು ನಡುವಿನಲ್ಲಿ ಜೋತುಬಿದ್ದಿತ್ತು. ಅಳೆದೆ. ಪಕ್ಕಗಳಿಗಿಂತ ನಡುಭಾಗ 12 ಮಿಲಿಮೀಟರ್ ಕೆಳಗೆ. ಎಡದಿಂದ ಎಣಿಸಿದರೆ 12ನೆಯ ಮತ್ತು 13ನೆಯ ನಿರಿಗೆಗಳ ಹೊಲಿಗೆಯೂ ಕೆಳತುದಿಯಲ್ಲಿ ಬಾಯಿ ಬಿಟ್ಟಿತ್ತು. ಒಂದು ಒಂದೂಕಾಲು ಇಂಚು, ಇನ್ನೊಂದು ಅರ್ಧ ಇಂಚು.

ಮಾರ್ಚ್‌ನಲ್ಲಿ ಸಹೋದ್ಯೋಗಿಯೊಬ್ಬನ ಮದುವೆಯಿತ್ತು. ಹೊಲಿಸಲು ಕೊಟ್ಟರೆ ಆಗುತ್ತಿತ್ತು. ಆದರೆ ಕಿಲ್ಟ್ ಹೊಲಿಯುವವರ ಮುಂದೆ ನಿಂತು "ಇದನ್ನು ಯಾರು ಕತ್ತರಿಸಿದರು?" ಎಂಬ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ಇರಲಿಲ್ಲ.

ಶನಿವಾರ

ಊಟದ ಮೇಜಿನ ಮೇಲೆ ಕಂಬಳಿ ಹಾಸಿ ಕಿಲ್ಟನ್ನು ಒಳಮೈ ಮೇಲಾಗಿ ಹರಡಿದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಒಂದು ಕಿಲೋ 900 ಗ್ರಾಂ. ಈ ತೂಕವನ್ನು ನೆನಪಿಟ್ಟುಕೊಳ್ಳಬೇಕು, ಮುಂದಿನ ಕಥೆಯೆಲ್ಲ ಅದರದ್ದೇ.

ಕಿಲ್ಟ್‌ನ ಮುಂಭಾಗದಲ್ಲಿ ನಿರಿಗೆ ಇರುವುದಿಲ್ಲ. ಏಪ್ರನ್ ಎಂದು ಕರೆಯುವ ಎರಡು ಸಪಾಟಾದ ಪದರಗಳು ಒಂದರ ಮೇಲೊಂದು ಬರುತ್ತವೆ. ನಿರಿಗೆಗಳೆಲ್ಲ ಹಿಂದೆ. ನನ್ನದರಲ್ಲಿ ಅವು 27. ಸೊಂಟದಿಂದ ಸುಮಾರು ಒಂಬತ್ತು ಇಂಚು ಕೆಳಗಿನವರೆಗೆ ಪ್ರತಿ ನಿರಿಗೆಯನ್ನು ಪಕ್ಕದ ನಿರಿಗೆಗೆ ಸಣ್ಣ ಕೈಹೊಲಿಗೆಯಲ್ಲಿ ಕೂಡಿಸಿರುತ್ತಾರೆ. ಈ ಹೊಲಿದ ಭಾಗಕ್ಕೆ ಫೆಲ್ ಎಂದು ಹೆಸರು. ಅದರ ತಳದಲ್ಲಿ ಪ್ರತಿ ನಿರಿಗೆ 19 ಮಿಲಿಮೀಟರ್ ಅಗಲ, ಸೊಂಟದ ಹತ್ತಿರ 16. ಈ ಮೂರು ಮಿಲಿಮೀಟರ್ ವ್ಯತ್ಯಾಸವೇ 27 ಸಲ ಸೇರಿ ಬಟ್ಟೆಯನ್ನು ಮೈಗೆ ಕೂರಿಸುತ್ತದೆ. ಫೆಲ್‌ನ ಕೆಳಗೆ ನಿರಿಗೆಗಳು ಸ್ವತಂತ್ರ.

ಹೊರಗಿನಿಂದ ಕಾಣುವುದು ಪ್ರತಿ ನಿರಿಗೆಯ 19 ಮಿಲಿಮೀಟರ್ ಮಾತ್ರ. ಅದರ ಹಿಂದೆ ಮಡಚಿಕೊಂಡು ಕೂತಿರುವ ಬಟ್ಟೆ ಆರೇಳು ಇಂಚು. ಮೇಲಿನವರೆಗೂ ಅಷ್ಟೂ ಮಡಿಕೆಯನ್ನು ಬಿಟ್ಟರೆ ಸೊಂಟದ ಹಿಂದೆ ಹಾಸಿಗೆಯ ಸುರುಳಿ ಕಟ್ಟಿಕೊಂಡಂತಾಗುತ್ತದೆ. ಆದ್ದರಿಂದ ಫೆಲ್‌ನ ಒಳಗಿರುವ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ತೆಗೆದುಬಿಡುತ್ತಾರೆ. ಕತ್ತರಿಸಿದ ಜಾಗದ ಮೇಲೆ ಒರಟು ಕ್ಯಾನ್ವಾಸ್, ಅದರ ಮೇಲೆ ಲೈನಿಂಗ್. ಸರಿ, ಈಗ ಯೋಚಿಸಿ: ಕೆಳಗೆ ಇನ್ನೂ ತೂಗುತ್ತಿರುವ ಒಳಮಡಿಕೆಗಳ ತಲೆಯೇ ಹೋಯಿತಲ್ಲ, ಅವು ಯಾವುದನ್ನು ಹಿಡಿದುಕೊಂಡು ನಿಲ್ಲಬೇಕು? ಉತ್ತರ ನನ್ನ ಕಸದ ಬುಟ್ಟಿಯಲ್ಲಿತ್ತು. ಕತ್ತರಿಸಿದ ಅಂಚಿನ ಸ್ವಲ್ಪ ಕೆಳಗೆ, ಫೆಲ್‌ನ ತಳದಿಂದ ಒಂದು ಇಂಚು ಮೇಲೆ, ಪ್ರತಿ ಒಳಮಡಿಕೆಯನ್ನು ಪಕ್ಕದ್ದಕ್ಕೆ ಕಟ್ಟುತ್ತ ಹೋಗಿದ್ದ ಆ ಬೂದು ದಾರ. ಅದು ಇದ್ದಾಗ ಒಳಮಡಿಕೆಗಳ ಭಾರ ಇಡೀ ಸಾಲಿಗೆ ಹಂಚಿಹೋಗುತ್ತಿತ್ತು. ಅದು ಹೋದ ಮೇಲೆ ಅಷ್ಟೂ ಭಾರ ಫೆಲ್‌ನ ಸಣ್ಣ ಹೊಲಿಗೆಗಳ ಮೇಲೆ ಬಿತ್ತು. ಅವು ಇರುವುದು ಅಂದಕ್ಕೆ, ಹೊರೆ ಹೊರಲು ಅಲ್ಲ. ಎರಡು ಬಿಚ್ಚಿಕೊಂಡದ್ದು ಆಶ್ಚರ್ಯವಲ್ಲ. 25 ತಡೆದುಕೊಂಡದ್ದೇ ಆಶ್ಚರ್ಯ.

ನನ್ನ ಪುಣ್ಯಕ್ಕೆ ಲೈನಿಂಗ್‌ನ ಕೆಳ ಅಂಚು ಬಟ್ಟೆಗೆ ಅಂಟಿಕೊಂಡಿರಲಿಲ್ಲ. ಅದು ಪರದೆಯಂತೆ ಬಿಡಿಯಾಗಿಯೇ ಇರಬೇಕು. ನಿರಿಗೆಗೆ ಸೇರಿಸಿ ಹೊಲಿದರೆ ನಿರಿಗೆ ಬಿಚ್ಚಿಕೊಳ್ಳುವುದಿಲ್ಲ, ಕೂತರೆ ಹರಿಯುತ್ತದೆ. ಕೈ ಆಡಲು ಜಾಗ ಬೇಕೆಂದು ಎಡತುದಿಯಲ್ಲಿ ಮೂರು ಇಂಚು ಮಾತ್ರ ಬಿಚ್ಚಿದೆ. ಬಿಚ್ಚುವ ಮೊದಲು ಫೋಟೊ ತೆಗೆದುಕೊಂಡೆ. ಈ ಬುದ್ಧಿ ಎರಡು ವಾರ ಮುಂಚೆ ಬಂದಿದ್ದರೆ ಚೆನ್ನಾಗಿತ್ತು.

ದೀಪವನ್ನು ಓರೆಯಾಗಿ ಹಿಡಿದಾಗ ಹಳೆಯ ಸಾಲಿನ ಜಾಡು ಕಂಡಿತು. ದಾರ ವರ್ಷಗಟ್ಟಲೆ ಒತ್ತಿ ಕೂತಿದ್ದ ಕಡೆ ಉಣ್ಣೆಯಲ್ಲಿ ಸಣ್ಣ ತಗ್ಗು. ನಾನು ಎಳೆದಾಗ ಬರದೆ ಉಳಿದ ದಾರದ ಮೊಳಕೆಗಳು 19. ಕಳ್ಳ ಬಿಟ್ಟುಹೋದ ಗುರುತುಗಳನ್ನೇ ಹಿಡಿದು ಕಳ್ಳನೇ ಪತ್ತೆಗೆ ಹೊರಟಂತೆ, ಪ್ರತಿಯೊಂದರ ಮೇಲೂ ದರ್ಜಿ ಸೀಮೆಸುಣ್ಣದಿಂದ ಚುಕ್ಕೆ ಇಟ್ಟೆ.

ಭಾನುವಾರ

ಹುಮ್ಮಸ್ಸಿನಿಂದ ಕೂತು ಒಂದೇ ಸಂಜೆಯಲ್ಲಿ ಇಡೀ ಸಾಲು ಮುಗಿಸಿದೆ. ದಪ್ಪ ದಾರ, ಜೋಡಿ ಎಳೆ, ಪ್ರತಿ ಮಡಿಕೆಗೂ ಬಿಗಿಯಾಗಿ ಎಳೆದು ಗಂಟು. ಮತ್ತೆ ಸಡಿಲವಾಗಬಾರದು ನೋಡಿ! ಎತ್ತಿ ನೋಡಿದರೆ ಕಿಲ್ಟ್‌ನ ಬೆನ್ನು ದೋಣಿಯಂತೆ ಬಾಗಿತ್ತು. ಫೆಲ್‌ನ ತಳದಲ್ಲಿ 20 ಇಂಚು ಇರಬೇಕಾದ ಅಗಲ 18 ಮುಕ್ಕಾಲಕ್ಕೆ ಇಳಿದಿತ್ತು. ಸಾಲದ್ದಕ್ಕೆ ಒಂದು ಕಡೆ ಸೂಜಿ ಹೊರಪದರವನ್ನೂ ಚುಚ್ಚಿ, 11ನೆಯ ನಿರಿಗೆಯ ಹಸಿರಿನ ನಡುವೆ ಸಣ್ಣ ಕುಳಿ ಬಿದ್ದಿತ್ತು.

ಮಲಗಿದೆ.

ಸೋಮವಾರ, ಮಂಗಳವಾರ

ಸೋಮವಾರ ಪೂರ್ತಿ ಬಿಚ್ಚಿದ್ದು. ಅದರ ಬಗ್ಗೆ ಹೇಳುವುದೇನೂ ಇಲ್ಲ.

ಮಂಗಳವಾರ ಮೆಟ್ಟಿಲ ಮೇಲೆ ಕೆಳಮನೆಯ ಅಜ್ಜಿ ಸಿಕ್ಕರು. ಎಂಬತ್ತರ ಆಸುಪಾಸಿನವರು, ವಯಸ್ಸಿನಲ್ಲಿ ಕಿಲ್ಟ್ ಹೊಲಿಯುವ ಕಾರ್ಖಾನೆಯಲ್ಲಿ ದುಡಿದವರೆಂದು ನನಗೆ ತಿಳಿದದ್ದೇ ಅಂದು. ನನ್ನ ಬೆರಳುಗಳಿಗೆ ಸುತ್ತಿದ ಪಟ್ಟಿಗಳನ್ನು ನೋಡಿ ಏನಾಯಿತೆಂದು ಕೇಳಿದರು. ಹೇಳಿದೆ. ಮೇಲೆ ಬಂದು, ಕನ್ನಡಕ ಏರಿಸಿ, ಲೈನಿಂಗ್ ಎತ್ತಿ ನೋಡಿ, "ಸ್ಟೀಕಿಂಗ್ ಎಲ್ಲಿ?" ಎಂದರು. ತಪ್ಪೊಪ್ಪಿಗೆ ಕೇಳಿದ ಮೇಲೆ ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಆ ಹೊಲಿಗೆಯ ಹೆಸರು ಹೀಗೆ ಗೊತ್ತಾಯಿತು. ಸ್ಕಾಟರ ಮಾತಿನಲ್ಲಿ ಸ್ಟೀಕ್ ಎಂದರೆ ಹೊಲಿಗೆ. ಮುಚ್ಚುವುದು ಎಂಬ ಅರ್ಥವೂ ಇದೆ. ಬಾಗಿಲನ್ನೂ ಸ್ಟೀಕ್ ಮಾಡುತ್ತಾರೆ. ಅಜ್ಜಿ ಹೋಗುವಾಗ ನನ್ನ ಮನೆಯ ಬಾಗಿಲಿನ ವಿಷಯದಲ್ಲಿ ಅದೇ ಪದ ಬಳಸಿದರು, ಗಾಳಿ ಬರುತ್ತದೆ ಎಂದು.

ಅವರು ಹೇಳಿದ ತಿದ್ದುಪಡಿ ಎರಡೇ. ಮೊದಲನೆಯದು, ಹೊರಗಿನ ಹೊಲಿಗೆ ಸರಿಯಾಗದೆ ಒಳಗಿನದಕ್ಕೆ ಕೈ ಹಾಕಬಾರದು. ಫೆಲ್ ಬಾಯಿ ಬಿಟ್ಟಿರುವಾಗ ನಿರಿಗೆಯ ಅಗಲವೇ ನಿಶ್ಚಯವಾಗಿರುವುದಿಲ್ಲ. ನಿಶ್ಚಯವಿಲ್ಲದ್ದನ್ನು ಒಳಗಿನಿಂದ ಕಟ್ಟಿದರೆ ಅದು ದೋಣಿಯಾಗದೆ ಇನ್ನೇನಾಗುತ್ತದೆ? ಎರಡನೆಯದು, ಸ್ಟೀಕಿಂಗ್ ಎಳೆದು ಹಿಡಿಯುವ ಹೊಲಿಗೆಯಲ್ಲ, ತಾಳಿಕೊಳ್ಳುವ ಹೊಲಿಗೆ. ಬಟ್ಟೆ ಸಪಾಟಾಗಿ ಮಲಗಿರುವಾಗ ದಾರವೂ ಮಲಗಿರಬೇಕು, ಎತ್ತಿ ತೂಗಿದಾಗ ಮಾತ್ರ ಎಚ್ಚರಗೊಳ್ಳಬೇಕು. ನಾನು ಸಡಿಲ ಎಂದು ಕತ್ತರಿಸಿದ ಆ ಕುಣಿಕೆಗಳು ಹಾಗೆ ಇರಬೇಕಾದಷ್ಟೇ ಸಡಿಲವಾಗಿದ್ದವು. ಇದನ್ನು ಕೇಳಿದಾಗ ಹೊಟ್ಟೆಯೊಳಗೆ ಏನೋ ತಿರುವಿದಂತಾಯಿತು.

ಹೋಗುವ ಮುಂಚೆ ತಮ್ಮ ಹಿತ್ತಾಳೆಯ ಅಂಗುಸ್ತಾನವನ್ನು ಮೇಜಿನ ಮೇಲಿಟ್ಟು ಹೋದರು.

ಬುಧವಾರ

ಮೊದಲು ನಿರಿಗೆಗಳನ್ನು ಹೊರಮೈಯಿಂದ ಕಚ್ಚಾ ಹೊಲಿಗೆಯಲ್ಲಿ ಬಂಧಿಸಿದೆ: ಬಿಳಿ ಹತ್ತಿ ದಾರ, ಒಂದೊಂದು ಹೊಲಿಗೆಗೆ ಒಂದೊಂದು ನಿರಿಗೆಯ ಅಂಚು, ಫೆಲ್‌ನ ಕೆಳಗೆ ಒಂದು ಸಾಲು, ನಡುವೆ ಒಂದು, ಕೆಳ ಅಂಚಿನ ಮೇಲೆ ಒಂದು. ಬಿಚ್ಚಲೆಂದೇ ಹಾಕುವ ಹೊಲಿಗೆ ಇದು. ಈ ಸಲ ವ್ಯತ್ಯಾಸ ಗೊತ್ತಿತ್ತು.

ಕೆಳ ಅಂಚಿನ ವಿಷಯ ಬಂದಾಗ ಒಂದು ಮಾತು. ಕಿಲ್ಟ್‌ಗೆ ಕೆಳಗೆ ಮಡಚಿ ಹೊಲಿದ ಅಂಚು ಇರುವುದಿಲ್ಲ. ಮಗ್ಗದಲ್ಲಿ ನೇಯುವಾಗಲೇ ಬಂದ ಅಂಚೇ ಕೊನೆ, ನಮ್ಮ ಪಂಚೆಯ ಹಾಗೆ. ಎಂಟು ಗಜವನ್ನು ಮಡಚಿ ಹೊಲಿದರೆ ಪ್ರತಿ ನಿರಿಗೆಯ ಕೆಳಗೂ ದಪ್ಪ ಗಂಟು ಬಂದು ಕೂರುತ್ತಿತ್ತು. ಪಂಚೆಯ ಹೋಲಿಕೆ ಇನ್ನೂ ಸ್ವಲ್ಪ ದೂರ ಹೋಗುತ್ತದೆ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನರಾದ ಹಳೆಯ ಹೈಲೆಂಡರು ಉಡುತ್ತಿದ್ದ ದೊಡ್ಡ ಕಿಲ್ಟ್, ಅವರ ಗೇಲಿಕ್ ಭಾಷೆಯಲ್ಲಿ ಫೇಲೆ ಮೋರ್, ಹೊಲಿಗೆಯೇ ಇಲ್ಲದ ಉದ್ದನೆಯ ಉಣ್ಣೆ ಬಟ್ಟೆ. ನಿರಿಗೆ ಹಿಡಿದು, ಸುತ್ತಿಕೊಂಡು, ಬೆಲ್ಟ್ ಬಿಗಿದು, ಉಳಿದದ್ದನ್ನು ಹೆಗಲಿಗೆ ಹಾಕಿಕೊಳ್ಳುವುದು. ನನ್ನ ಅಜ್ಜ ಕಚ್ಚೆ ಪಂಚೆ ಉಡುವಾಗ ನಿರಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಳ್ಳುತ್ತಿದ್ದ ದೃಶ್ಯ ಗೊತ್ತಿರುವವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಆಮೇಲೆ ಮೇಲರ್ಧ ಹೋಗಿ ಸೊಂಟದ ಕೆಳಗಿನ ಚಿಕ್ಕ ಕಿಲ್ಟ್ ಬಂತು. ಅದನ್ನು ರೂಪಿಸಿದವನು ಗ್ಲೆಂಗ್ಯಾರಿಯಲ್ಲಿ ಕಬ್ಬಿಣ ಕರಗಿಸುತ್ತಿದ್ದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್‌ನವನು ಎಂಬ ಕಥೆಯಿದೆ. ಅದನ್ನು ಕುಡಿದಿರುವ ಸ್ಕಾಟರ ಮುಂದೆ ಹೇಳಬಾರದು. 1746ರ ಕಾಯ್ದೆ ಹೈಲೆಂಡ್ ಉಡುಪನ್ನೇ ನಿಷೇಧಿಸಿತು, ಸೈನಿಕರಿಗೆ ಮಾತ್ರ ವಿನಾಯಿತಿ. 1782ರಲ್ಲಿ ನಿಷೇಧ ಹೋಯಿತು. ನಿರಿಗೆಯನ್ನು ಶಾಶ್ವತವಾಗಿ ಹೊಲಿದುಬಿಡುವ ರೂಢಿ ಬಲವಾದದ್ದು ಆ ಶತಮಾನದ ಕೊನೆಗೆ. ಅಂದರೆ ಇದು ಹೈಲೆಂಡರ ಸಿದ್ಧ ಪಂಚೆ. ಈಗ ನಮ್ಮ ಮದುವೆಗಳಲ್ಲಿ ವೆಲ್ಕ್ರೊ ಹಚ್ಚಿದ ಪಂಚೆ ಉಟ್ಟ ವರನನ್ನು ನೋಡಿ ಹಿರಿಯರು ಮೂಗು ಮುರಿಯುತ್ತಾರಲ್ಲ, ಇಲ್ಲಿಯೂ ಆಗ ಯಾರಾದರೂ ಮುರಿದಿರಬೇಕು.

ಫೆಲ್ ಹೊಲಿಗೆಗೆ ಬರೋಣ. ಹೊರಗಿನಿಂದಲೇ ಹಾಕಬೇಕು, ಹೊರಗಿನಿಂದ ಕಾಣಬಾರದು. ಮೇಲಿನ ನಿರಿಗೆಯ ಮಡಿಕೆಯ ತುದಿಯಲ್ಲಿ ಎರಡು ಎಳೆಗಳನ್ನಷ್ಟೇ ಹಿಡಿದು ಸೂಜಿ ಹೊರಬರಬೇಕು, ನೇರ ಎದುರಿಗೆ ಕೆಳಗಿನ ನಿರಿಗೆಯೊಳಗೆ ಇಳಿಯಬೇಕು, ಬಟ್ಟೆಯ ಅಡಿಯಲ್ಲಿ ಸ್ವಲ್ಪ ಮುಂದೆ ಸಾಗಿ ಮತ್ತೆ ಮಡಿಕೆಗೆ ಏರಬೇಕು. ಗಟ್ಟಿಯಾಗಿ ಉಳಿದಿದ್ದ ನಿರಿಗೆಗಳಲ್ಲಿ ಎಣಿಸಿ ನೋಡಿದೆ, ಇಂಚಿಗೆ ಒಂಬತ್ತು ಹೊಲಿಗೆ. ನನ್ನದು ಏಳಕ್ಕಿಂತ ಮೇಲೆ ಹೋಗಲಿಲ್ಲ. ದಾರದ ಬಣ್ಣ ಪಟ್ಟೆಯೊಂದಿಗೆ ಬದಲಾಗಬೇಕು: ಹಸಿರಿನ ಮೇಲೆ ಹಸಿರು, ನೀಲಿಯ ಮೇಲೆ ನೀಲಿ. ರಾತ್ರಿ ದೀಪದ ಕೆಳಗೆ ಬ್ಲ್ಯಾಕ್ ವಾಚ್‌ನ ಮೂರೂ ಬಣ್ಣಗಳು ಒಂದೇ ಬಣ್ಣ. ಹಗಲಿನಲ್ಲಿ ಕಿಟಕಿಯ ಬಳಿ ದಾರಗಳನ್ನು ಆರಿಸಿ, ಮೂರು ಸೂಜಿಗಳಿಗೆ ಪೋಣಿಸಿ, ಸೋಪಿನ ತುಂಡಿಗೆ ಚುಚ್ಚಿ, ಪ್ರತಿಯೊಂದರ ಪಕ್ಕ ಹೆಸರು ಬರೆದು ಇಟ್ಟುಕೊಂಡೆ. ಅದಿಲ್ಲದಿದ್ದರೆ ಹುಚ್ಚು ಹಿಡಿಯುತ್ತಿತ್ತು.

ಬಣ್ಣಕ್ಕಿಂತ ಮುಖ್ಯವಾದದ್ದು ಅಡ್ಡಗೆರೆ. ಟಾರ್ಟನ್‌ನ ಅಡ್ಡಪಟ್ಟೆಗಳು ಒಂದು ನಿರಿಗೆಯಿಂದ ಇನ್ನೊಂದಕ್ಕೆ ಕತ್ತರಿಸದಂತೆ ಹರಿಯಬೇಕು. ಒಂದು ಮಿಲಿಮೀಟರ್ ಜಾರಿದರೂ ಗೆರೆ ಮೆಟ್ಟಿಲಾಗುತ್ತದೆ. ಪ್ರತಿ ಪಟ್ಟೆಯ ಅಂಚಿಗೆ ಒಂದು ಗುಂಡುಪಿನ್ನು ಚುಚ್ಚಿ, ಪಿನ್ನಿನಿಂದ ಪಿನ್ನಿಗೆ ಹೊಲಿಯುತ್ತ ಹೋದೆ. ಫೆಲ್ ಮುಗಿಯುವ ತಳದಲ್ಲಿ ಐದಾರು ಹೊಲಿಗೆಗಳನ್ನು ಒಂದರ ಮೇಲೊಂದು ಹಾಕಿ ಗಟ್ಟಿಮಾಡಿದೆ. ನಡೆದಾಗ, ಕೂತಾಗ, ಕುಣಿದಾಗ ಎಳೆತ ಬೀಳುವುದೇ ಆ ಒಂದು ಚುಕ್ಕೆಯ ಮೇಲೆ.

ನಡುವೆ ಅವ್ವನ ವಿಡಿಯೊ ಕರೆ ಬಂತು. ಅವಳು ಕಸೂತಿ ಹಾಕುವವಳು. ಗವಂತಿ, ಮುರಗಿ, ನೇಗಿ, ಮೆಂತೆ ನಾಲ್ಕೂ ಕೈಗೆ ಬರುತ್ತವೆ. ಗವಂತಿಯಲ್ಲಿ ಬಟ್ಟೆಯ ಎರಡೂ ಮೈ ಒಂದೇ ಥರ ಕಾಣಬೇಕು, ಗಂಟು ಎಲ್ಲಿಯೂ ಇರಕೂಡದು. ಮೊಬೈಲನ್ನು ಬಟ್ಟೆಯ ಹತ್ತಿರ ಹಿಡಿದು ನನ್ನ ಏಳು ಹೊಲಿಗೆಗಳನ್ನು ತೋರಿಸಿದೆ.

"ಎಷ್ಟು ಉದ್ದ ದಾರ ತೆಗೆದುಕೊಂಡಿದ್ದೀಯ?" ಎಂದಳು.

ತೋರಿಸಿದೆ.

"ಅದನ್ನು ಅರ್ಧ ಮಾಡು. ಪ್ರತಿ ಸಲ ಎಳೆದಾಗ ದಾರ ಬಟ್ಟೆಗೆ ಉಜ್ಜಿ ಸವೆಯುತ್ತದೆ, ಕೊನೆಗೆ ಬರುವಷ್ಟರಲ್ಲಿ ಅದರಲ್ಲಿ ಜೀವವೇ ಇರುವುದಿಲ್ಲ. ಮತ್ತೆ ಆ ಗಂಟೇನು, ಕಡಲೆಕಾಳಿನಷ್ಟು?"

ಗಂಟಿನ ಬದಲು ಮಡಿಕೆಯೊಳಗೆ ಮೂರು ಪುಟ್ಟ ಹಿಂಹೊಲಿಗೆ ಹಾಕಿ ಆರಂಭಿಸುವುದನ್ನು ಕರೆ ಮುಗಿಯುವ ಮೊದಲೇ ಕಲಿಸಿದಳು. ಕೊನೆಗೆ, "ಗಂಡಸರು ಲಂಗ ಉಡುವ ಊರಿಗೆ ಹೋಗಿ ಹೊಲಿಗೆ ಕಲಿತೆ" ಎಂದು ನಕ್ಕಳು. ಲಂಗವಲ್ಲ ಎಂದು ಹೇಳಲು ಹೋದೆ, ಸಂಪರ್ಕ ಕಡಿದಿತ್ತು.

ಗುರುವಾರದಿಂದ ಶನಿವಾರ

ಸ್ಟೀಕಿಂಗ್, ಎರಡನೆಯ ಸಲ. ಮೂರು ಸಂಜೆ.

ಅಗಲ ಮತ್ತೆ ಕುಗ್ಗದಿರಲು ಒಂದು ಉಪಾಯ ಮಾಡಿದೆ. ಉದ್ದನೆಯ ಕಾಗದದ ಪಟ್ಟಿಯ ಮೇಲೆ 19 ಮಿಲಿಮೀಟರ್‌ಗೊಂದರಂತೆ 27 ಮನೆಗಳ ಗೆರೆ ಎಳೆದು ಇಸ್ತ್ರಿ ಹಲಗೆಗೆ ಅಂಟಿಸಿದೆ. ಕಿಲ್ಟನ್ನು ಹೊರಮೈ ಕೆಳಗಾಗಿ ಅದರ ಮೇಲಿಟ್ಟು, ನಿರಿಗೆಗಳು ಗೆರೆಗಳಿಗೆ ಹೊಂದುವಂತೆ ಸುತ್ತಲೂ ಗುಂಡುಪಿನ್ನು ಚುಚ್ಚಿ ಹಲಗೆಗೇ ಕಟ್ಟಿಹಾಕಿದೆ. ಈಗ ನಾನು ಎಷ್ಟೇ ಎಳೆದರೂ ಅದು ಕದಲುವಂತಿರಲಿಲ್ಲ. ಎಳೆಯುವ ಚಪಲ ನನ್ನ ಕೈಗೆ ಇದೆ ಎಂದು ಭಾನುವಾರವೇ ಗೊತ್ತಾಗಿತ್ತು. ಬುದ್ಧಿ ಹೇಳಿ ತಿದ್ದುವುದಕ್ಕಿಂತ ಪಿನ್ನು ಚುಚ್ಚುವುದು ಸುಲಭ.

ದಾರ ಹತ್ತಿ ಸುತ್ತಿದ ಪಾಲಿಯೆಸ್ಟರಿನದು, ಜೋಡಿ ಎಳೆ. ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆದು, ಕಾಗದದ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿದರೆ ಮೇಣ ಎಳೆಯೊಳಗೆ ಇಳಿಯುತ್ತದೆ, ಎರಡು ಎಳೆ ಒಂದಾಗುತ್ತವೆ, ಸಿಕ್ಕುಬೀಳುವುದಿಲ್ಲ. ಒಳಮಡಿಕೆಯ ಎರಡು ಪದರಗಳನ್ನು ಮಾತ್ರ ಸೂಜಿ ಹಿಡಿಯಬೇಕು, ಹೊರಗೆ ಕಾಣುವ ಪದರವನ್ನು ಮುಟ್ಟಬಾರದು. ಹಾಗಾಗಿ ಮಡಿಕೆಯ ಕೆಳಗೆ ಎಡಗೈಯ ತೋರುಬೆರಳು ಇಟ್ಟೇ ಹೊಲಿದೆ. ಸೂಜಿ ಹೆಚ್ಚು ಆಳಕ್ಕೆ ಹೋದರೆ ಬೆರಳು ತಿಳಿಸುತ್ತದೆ. ಹಲವು ಸಲ ತಿಳಿಸಿತು. ಪ್ರತಿ ಮಡಿಕೆಯಲ್ಲಿ ಒಂದು ಹಿಂಹೊಲಿಗೆ, ಆಮೇಲೆ ಪಕ್ಕದ ಮಡಿಕೆಗೆ ದಾಟುವಾಗ ದಾರದಲ್ಲಿ ಅಕ್ಕಿಕಾಳಿನಷ್ಟು ಸಡಿಲ. ಹಿಂಹೊಲಿಗೆಯ ಲಾಭ ಏನೆಂದರೆ, ಮುಂದೆ ಯಾವನೋ ಒಬ್ಬ ಒಂದು ಕಡೆ ಕತ್ತರಿಸಿದರೂ ಇಡೀ ಸಾಲು ಜಾರುವುದಿಲ್ಲ.

ಮೊದಲ ಸಂಜೆ ಎಂಟು ಮಡಿಕೆ, ಎರಡನೆಯ ಸಂಜೆ ಒಂಬತ್ತು. ಮೂರನೆಯ ದಿನ ಉಳಿದ ಹತ್ತು. ಬಟ್ಟೆಯ ಜೋಡಣೆಯೂ ಆ ಹತ್ತರೊಳಗೇ ಸಿಕ್ಕಿತು. ಟಾರ್ಟನ್ ಸಾಮಾನ್ಯವಾಗಿ ಎರಡರಷ್ಟು ಅಗಲದಲ್ಲಿ ನೇಯ್ದು ಬರುತ್ತದೆ. ನಾಲ್ಕು ಗಜ ತಂದು ಉದ್ದಕ್ಕೆ ಸೀಳಿ, ಎರಡು ತುಂಡುಗಳನ್ನು ತುದಿಗೆ ತುದಿ ಸೇರಿಸಿ ಎಂಟು ಗಜ ಮಾಡುತ್ತಾರೆ. ಆ ಸೇರುಹೊಲಿಗೆಯನ್ನು ಯಾವುದಾದರೊಂದು ನಿರಿಗೆಯ ಆಳದಲ್ಲಿ ಅಡಗಿಸುತ್ತಾರೆ. ನನ್ನ ಕಿಲ್ಟ್‌ನಲ್ಲಿ ಅದು 21ನೆಯದರಲ್ಲಿತ್ತು. ಹೊರಗಿನಿಂದ ನೂರು ಸಲ ನೋಡಿದ್ದರೂ ಗೊತ್ತಾಗಿರಲಿಲ್ಲ. ಪಟ್ಟೆಗೆ ಪಟ್ಟೆ ಎಷ್ಟು ನಿಖರವಾಗಿ ಕೂಡಿಸಿದ್ದರೆಂದರೆ, ಸೂಜಿಗೆ ದಪ್ಪ ತಗುಲಿದಾಗಲೇ ತಿಳಿದದ್ದು. ಅದನ್ನು ಹೊಲಿದ ಕೈಯಾವುದೋ. ಅಂಥವರ ಕೆಲಸಕ್ಕೆ ಕತ್ತರಿ ಹಾಕಿದ್ದೆನಲ್ಲ ಎಂದು ಮತ್ತೊಮ್ಮೆ ನಾಚಿಕೆಯಾಯಿತು.

ಪಿನ್ನುಗಳನ್ನು ತೆಗೆದು ಅಳೆದೆ: 19 ಇಂಚು ಮತ್ತು ಹದಿನಾರನೇ ಹದಿನೈದು ಭಾಗ. ಒಂದು ನೂಲಿನಷ್ಟು ಕಡಿಮೆ. ಇರಲಿ.

ಭಾನುವಾರ, ಮತ್ತೆ

ಉಳಿದ ಚಿಲ್ಲರೆ ಕೆಲಸ. ಕಿಲ್ಟ್‌ಗೆ ಚರ್ಮದ ಪಟ್ಟಿ ಮತ್ತು ಬಕಲ್‌ಗಳು ಮೂರು: ಬಲಗಡೆ ಎರಡು, ಎಡಗಡೆ ಒಂದು. ಒಳಗಿನ ಏಪ್ರನ್‌ನ ಪಟ್ಟಿ ಎಡಗಡೆ ಬಟ್ಟೆಯಲ್ಲಿರುವ ಕಾಜಾದಂಥ ಸೀಳಿನಿಂದ ಹೊರಬಂದು ತನ್ನ ಬಕಲನ್ನು ಸೇರುತ್ತದೆ. ಆ ಎಡಗಡೆಯ ಬಕಲಿನ ಬುಡ ಅಲ್ಲಾಡುತ್ತಿತ್ತು. ಇದನ್ನು ಬರೀ ಟಾರ್ಟನ್‌ಗೆ ಹೊಲಿದರೆ ಒಂದು ಊಟಕ್ಕೆ ಹರಿಯುತ್ತದೆ; ಸೂಜಿ ಒಳಗಿನ ಕ್ಯಾನ್ವಾಸ್‌ವರೆಗೆ ಹೋಗಲೇಬೇಕು. ಚರ್ಮದಲ್ಲಿ ಹೊಸ ತೂತು ಮಾಡದೆ ಹಳೆಯ ತೂತುಗಳಲ್ಲಿಯೇ ಮೇಣದ ದಾರವನ್ನು ಹೋಗಿ ಬಂದು ಹೊಲಿದೆ. ಹೊಸ ತೂತುಗಳು ಹಳೆಯವುಗಳ ಪಕ್ಕ ಬಂದರೆ ಅಂಚೆಚೀಟಿಯ ಅಂಚಿನಂತಾಗಿ ಚರ್ಮ ಕಿತ್ತುಬರುತ್ತದೆ. ನೋಡಲು ಅಂದವಾಗಿಲ್ಲ, ಗಟ್ಟಿಯಾಗಿದೆ. ಸ್ಪೋರನ್ ಎಂಬ ಮುಂಚೀಲದ ಸರಪಳಿ ಹಾಯುವ ಹಿಂದಿನ ಕುಣಿಕೆಯೊಂದಕ್ಕೂ ನಾಲ್ಕು ಹೊಲಿಗೆ ಹಾಕಿದೆ. ಲೈನಿಂಗ್‌ನ ಬಿಚ್ಚಿದ ಮೂರು ಇಂಚನ್ನು ಫೋಟೊ ನೋಡಿಕೊಂಡು ಮುಚ್ಚಿದೆ. ಕೆಳ ಅಂಚನ್ನು ಬಿಡಿಯಾಗಿಯೇ ಬಿಟ್ಟೆ.

ಆಮೇಲೆ ಇಸ್ತ್ರಿ. ಕಚ್ಚಾ ಹೊಲಿಗೆಯನ್ನು ತೆಗೆಯುವ ಮುಂಚೆಯೇ ಇದು ಆಗಬೇಕು. ಹಳೆಯ ಪಂಚೆಯ ತುಂಡೊಂದನ್ನು ಒದ್ದೆ ಮಾಡಿ ಹಿಂಡಿ ಮೇಲೆ ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜದೆ ಎತ್ತಿ ಎತ್ತಿ ಒತ್ತಿದೆ. ಉಣ್ಣೆಯ ಮೇಲೆ ಉಜ್ಜಿದರೆ ನಿರಿಗೆ ಓರೆಯಾಗುತ್ತದೆ, ಹೊಳಪು ಕಲೆ ಬೀಳುತ್ತದೆ. ಒತ್ತಿದ ಜಾಗ ಪೂರ್ತಿ ಆರುವವರೆಗೆ ಬಟ್ಟೆಯನ್ನು ಎತ್ತಬಾರದು. ಬಿಸಿಯಿರುವಾಗ ಎತ್ತಿದರೆ ಮಾಡಿದ್ದೆಲ್ಲ ಹಾಳು. ಕುರಿಯ ವಾಸನೆ ಮನೆಯೆಲ್ಲ ತುಂಬಿತು. 11ನೆಯ ನಿರಿಗೆಯ ಮೇಲಿದ್ದ ಆ ಕುಳಿಯೂ ಹಬೆಗೆ ಮೆಲ್ಲನೆ ಎದ್ದು ಮಾಯವಾಯಿತು. ಉಣ್ಣೆಗೆ ಇಷ್ಟು ಕ್ಷಮಾಗುಣವಿದೆ ಎಂದು ಗೊತ್ತಿರಲಿಲ್ಲ.

ಬಿಳಿ ದಾರಗಳನ್ನು ಒಂದೊಂದಾಗಿ ಎಳೆದು ತೆಗೆದೆ. ತೆಗೆಯುವಾಗ ಪ್ರತಿಯೊಂದನ್ನೂ ಎರಡು ಸಲ ನೋಡಿದೆ. ಹ್ಯಾಂಗರಿಗೆ ತೂಗುಹಾಕಿ ನೆಲದಿಂದ ಅಂಚಿನವರೆಗೆ ಮೂರು ಕಡೆ ಅಳೆದಾಗ ನಡುಭಾಗದ ಇಳಿತ 12ರಿಂದ 2 ಮಿಲಿಮೀಟರ್‌ಗೆ ಬಂದಿತ್ತು.

ಮದುವೆಯ ಮಾತು ಚಿಕ್ಕದು. ಮೂರು ಸಲ ಸ್ಟ್ರಿಪ್ ದಿ ವಿಲೋ, ಒಂದು ಸಲ ಗೇ ಗಾರ್ಡನ್ಸ್, ಕೊನೆಗೆ ಎಂಟು ಜನರ ರೀಲ್ ಕುಣಿತ. ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ಲೈನಿಂಗ್ ಎತ್ತಿ ಎಣಿಸಿದೆ. ಇಪ್ಪತ್ತೇಳೂ ಇದ್ದವು.

ಮರುದಿನ ಅಂಗುಸ್ತಾನವನ್ನು ಹಿಂದಿರುಗಿಸಲು ಕಿಲ್ಟನ್ನೂ ತೆಗೆದುಕೊಂಡು ಕೆಳಮನೆಗೆ ಹೋದೆ. ಅಜ್ಜಿ ಸ್ಟೀಕಿಂಗ್ ಸಾಲಿನ ಕೆಳಗೆ ಹೆಬ್ಬೆರಳು ತೂರಿಸಿ ಈ ತುದಿಯಿಂದ ಆ ತುದಿಯವರೆಗೆ ಹೋದರು, ಏನೂ ಹೇಳಲಿಲ್ಲ. ಫೆಲ್‌ನ ಆ ಎರಡು ನಿರಿಗೆಗಳನ್ನು ಹುಡುಕಿದರು. ಎರಡನೆಯದನ್ನು ಕಂಡುಹಿಡಿಯಲು ಕಿಟಕಿಯ ಹತ್ತಿರ ಹೋಗಬೇಕಾಯಿತು. ಎಡಗಡೆಯ ಬಕಲಿನ ಹೊಲಿಗೆ ನೋಡಿ ಮಾತ್ರ ಮುಖ ಕಿವುಚಿದರು. ಬಲಗಡೆಯ ಮೇಲಿನ ಬಕಲನ್ನು ಬೆರಳಲ್ಲಿ ಅಲ್ಲಾಡಿಸಿ, ಇದೂ ಬೇಸಿಗೆ ದಾಟುವುದಿಲ್ಲ ಎಂದು ಹೇಳಿ, ಅಂಗುಸ್ತಾನವನ್ನು ನನ್ನ ಕಡೆಗೇ ಸರಿಸಿದರು.